ಮೂರು ತೂತಿನ ಕೊಳವೆ

ಕೋಲ್ಕತ್ತದ ಗರಿಯಾಹಾಟ್‌ನ ಫುಟ್‌ಪಾತಿನಲ್ಲಿ ಕಬ್ಬಿಣದ ಬಾಣಲೆ, ತವೆ ಮಾರುವವನೊಬ್ಬನಿದ್ದ. ಮೊದಮೊದಲು ನಮ್ಮ ಆಫೀಸಿನ ಮೇಡಂ ರಸ್ತೆಯ ಆಚೆ ಬದಿ ಕಾಣಿಸಿಕೊಂಡರೆ ಸಾಕು, ರಾಶಿಯಿಂದ ಎರಡು ಮೂರು ಬಾಣಲೆ ಎತ್ತಿ ಬೆನ್ನ ಹಿಂದೆ ಸರಿಸಿಬಿಡುತ್ತಿದ್ದ. ಅವರು ಬಂದವರೇ ಒಂದೊಂದನ್ನೂ ಕಿವಿ ಹಿಡಿದು ಎತ್ತಿ, ಬೆರಳ ಗೆಣ್ಣಿನಿಂದ ಟಕ್ ಎಂದು ಬಾರಿಸಿ, ತಲೆ ಓರೆ ಮಾಡಿ ಕೇಳುವರು. ಬಿರುಕು ಬಿಟ್ಟದ್ದಾದರೆ ಸುತ್ತ ನಿಂತ ಗಿರಾಕಿಗಳ ಎದುರಿಗೇ ಹೇಳಿಬಿಡುವರು. ಎರಡು ವರ್ಷ ಕಳೆಯುವುದರೊಳಗೆ ಅವನೇ ಸಗಟು ಅಂಗಡಿಯಿಂದ ತಂದ ಮಾಲಿನಲ್ಲಿ ಅನುಮಾನ ಬಂದದ್ದನ್ನೆಲ್ಲ ಬೇರೆ ತೆಗೆದಿಟ್ಟು, "ಆಶುನ್ ದಿದಿ, ಬೋಶುನ್", ಬನ್ನಿ ಅಕ್ಕ, ಕೂರಿ, ಎಂದು ತಾನು ಕೂತ ಸ್ಟೂಲನ್ನೇ ಬಿಟ್ಟುಕೊಡತೊಡಗಿದ. ಅವರು ಕೂತು ಟಕ್ ಟಕ್ ಎಂದು ಬಾರಿಸಿ ಒಳ್ಳೆಯದು ಕೆಟ್ಟದ್ದು ಬೇರೆ ಮಾಡಿಕೊಡುತ್ತಿದ್ದರು. ಸೀರೆ ಕೊಳ್ಳಲೆಂದು ಜೊತೆಗೆ ಬಂದ ನನ್ನ ಹೆಂಡತಿ ಅರ್ಧ ಗಂಟೆ ಬಿಸಿಲಲ್ಲಿ ನಿಂತಿರುತ್ತಿದ್ದಳು.

ಕಳೆದ ತಿಂಗಳು ಹುಬ್ಬಳ್ಳಿಯಿಂದ ಅವರ ತಂಗಿಯ ಮಗಳು ಫೋನ್ ಮಾಡಿದಳು. "ದೊಡ್ಡವ್ವ ಹೋದ್ರರಿ. ಆಕಿ ಡೈರಿಯೊಳಗ ನಿಮ್ಮ ನಂಬರಿನ ಮುಂದ ಬರೇ 'ಲೈಬ್ರರಿ' ಅಂತ ಬರದಿತ್ತು. ಯಾರಿದ್ದೀರಿ ಅಂತ ಗೊತ್ತಾಗ್ಲಿಲ್ಲ, ಆದ್ರೂ ಹೇಳಬೇಕನಿಸ್ತು" ಎಂದಳು. ನಾನು ಯಾರೆಂದು ಆಕೆಗೆ ಎರಡು ಮಾತಿನಲ್ಲಿ ಹೇಳಿದೆ. ಪೂರ್ತಿ ಹೇಳುವುದಾದರೆ ಇಷ್ಟು ಬರೆಯಬೇಕಾಗುತ್ತದೆ.

ಕೋಲ್ಕತ್ತದಲ್ಲಿ ಲೋಹಗಳನ್ನು ಪರೀಕ್ಷೆ ಮಾಡುವ ಒಂದು ಸರ್ಕಾರಿ ಪ್ರಯೋಗಾಲಯದಲ್ಲಿ ಅವರು ವಿಭಾಗದ ಮುಖ್ಯಸ್ಥೆ, ನಾನು ಗ್ರಂಥಪಾಲಕ. ಇಡೀ ಕಟ್ಟಡದಲ್ಲಿ ಕನ್ನಡದವರು ನಾವಿಬ್ಬರೇ. ಅವರದು ಧಾರವಾಡ, ನನ್ನದು ಮೈಸೂರು. ನಾನು ಬರುವ ಹೊತ್ತಿಗೆ ಅವರು ಆ ಊರಿನಲ್ಲಿ ಇಪ್ಪತ್ತೈದು ವರ್ಷ ಕಳೆದಿದ್ದರು. ಬಾರಾನಗರದಲ್ಲಿ ನದಿಗೆ ಹತ್ತಿರ ಒಂದು ಹಳೆಯ ಮನೆಯ ಮಹಡಿಯಲ್ಲಿ ಒಬ್ಬರೇ ಇದ್ದರು. ಕುಳ್ಳನೆಯ ಆಳು, ಗಂಜಿ ಹಾಕಿದ ಬಂಗಾಳಿ ಹತ್ತಿ ಸೀರೆ, ಬಲಗೈಗೆ ಗಂಡಸರ ಕೈಗಡಿಯಾರ, ಪರ್ಸಿನಲ್ಲಿ ಕುಂಕುಮದ ಡಬ್ಬಿಯ ಜೊತೆ ಒಂದು ಅಯಸ್ಕಾಂತದ ತುಂಡು. ಆಫೀಸಿನವರಿಗೆಲ್ಲ ಅವರು ದಿದಿ. ನಾನು ಮೇಡಂ ಎನ್ನುತ್ತಿದ್ದೆ. ನನ್ನನ್ನು ಅವರು ಕೊನೆಯವರೆಗೂ "ಲೈಬ್ರರಿಯವರ" ಎಂದೇ ಕರೆದರು.

ಒಮ್ಮೆ ಹೊಸ ನಿರ್ದೇಶಕರು ರಾಜಸ್ಥಾನದಿಂದ ತಂದ ಕಠಾರಿಯೊಂದನ್ನು ಮೇಜಿನ ಮೇಲಿಟ್ಟು, ಮೊಗಲರ ಕಾಲದ್ದೆಂದು ಎಲ್ಲರಿಗೂ ತೋರಿಸುತ್ತಿದ್ದರು. ಇವರು ಅದನ್ನು ಅಂಗೈಯಲ್ಲಿ ತೂಗಿ, ಅಲಗನ್ನು ಮೂಸಿ, "ಸರ್, ಇದರ ಸರ್ವೀಸು ನಿಮ್ಮದಕ್ಕಿಂತ ಕಡಿಮೆ. ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಾಡಿದ್ದು" ಎಂದು ಇಂಗ್ಲಿಷಿನಲ್ಲಿ ಹೇಳಿ ಫೈಲಿಗೆ ಸಹಿ ಮಾಡಿಸಿಕೊಂಡು ಬಂದರು. ನಿರ್ದೇಶಕರು ನಕ್ಕರಂತೆ. ಮರುದಿನದಿಂದ ಕಠಾರಿ ಮೇಜಿನ ಮೇಲೆ ಕಾಣಿಸಲಿಲ್ಲ. ಹೀಗೆ ಹೇಳಿ ಯಾಕೆ ನಿಷ್ಠುರ ಕಟ್ಟಿಕೊಳ್ಳುತ್ತೀರಿ ಎಂದು ನಾನು ಕೇಳಿದರೆ, "ಮೊದಲ ನೋಡ್ರಿ, ಆಮ್ಯಾಲ ಹೆಸರಿಡ್ರಿ. ಮಂದಿ ಹೆಸರು ಮೊದಲ ಇಟ್ಟುಬಿಡ್ತಾರ, ಆಮ್ಯಾಲ ಅದಕ್ಕ ತಕ್ಕಂಗ ನೋಡ್ತಾರ" ಎಂದಿದ್ದರು.

ಸಾಲ್ಟ್ ಲೇಕ್‌ನ ಸೆಕ್ಟರ್ ಫೈವ್‌ನಲ್ಲಿ ಸಾಲುಸಾಲಾಗಿ ಗಾಜಿನ ಕಟ್ಟಡಗಳು ಏಳುತ್ತಿದ್ದ ವರ್ಷಗಳವು. ಅಲ್ಲಿ ಕೆಲಸಕ್ಕೆ ಬರುವವರಿಗೆ ಮನೆಗಳು ಬೇಕಿದ್ದವು. ದಮ್‌ದಮ್ ಕಡೆ ಪಾಳು ಬಿದ್ದಿದ್ದ ಒಂದು ಹಳೆಯ ತೋಟದ ಮನೆಯನ್ನು ಕೆಡವಿ ಅಪಾರ್ಟ್‌ಮೆಂಟಿಗೆ ಪಾಯ ತೆಗೆಯುತ್ತಿದ್ದಾಗ, ಆಳುದ್ದದ ಕೆಳಗೆ ಕಬ್ಬಿಣದ ಕೊಳವೆಯೊಂದು ಸಿಕ್ಕಿತು. ಕಂಪನಿ ಸರ್ಕಾರದ ಕಾಲದಲ್ಲಿ ಆ ಕಡೆಯೆಲ್ಲ ಫಿರಂಗಿ ದಳದ ಠಾಣೆ. ಹಾಗಾಗಿ ಬಾಂಬ್ ಎಂದು ಗದ್ದಲವಾಗಿ, ಪೊಲೀಸರು ಬಂದು, ಒಳಗೆ ಮಣ್ಣಲ್ಲದೆ ಏನೂ ಇಲ್ಲವೆಂದು ಖಾತ್ರಿ ಮಾಡಿಕೊಂಡರು. ಇದು ಏನು, ಯಾವ ಕಾಲದ್ದು ಎಂದು ಲಿಖಿತ ಅಭಿಪ್ರಾಯ ಕೇಳಿ ಅದನ್ನು ನಮ್ಮ ಪ್ರಯೋಗಾಲಯಕ್ಕೆ ಕಳಿಸಿದರು. ದುರ್ಗಾಪೂಜೆಯ ರಜೆ ಮುಗಿದ ವಾರ ಅದು.

"ಲೈಬ್ರರಿಯವರ, ಲಗೂನ ಬರ್ರಿ ಇಲ್ಲೆ!" ಎಂದು ಇಂಟರ್‌ಕಾಮ್‌ನಲ್ಲಿ ಕೂಗಿದರು. ಅವರ ದನಿಯಲ್ಲಿ ಅಂಥ ಸಂಭ್ರಮವನ್ನು ನಾನು ಕೇಳಿರಲಿಲ್ಲ. ಹೋಗಿ ನೋಡಿದರೆ ಮೇಜಿನ ಮೇಲೆ ಒಂದೂವರೆ ಗೇಣುದ್ದದ, ಮುಷ್ಟಿಗೆ ಸರಿಯಾಗುವ ದಪ್ಪದ ಕೊಳವೆ. ಮೈತುಂಬ ತುಕ್ಕಿನ ಹಕ್ಕಳೆ. ಒಂದು ತುದಿ ಮುಚ್ಚಿತ್ತು, ಇನ್ನೊಂದು ತುದಿಗೆ ಮಣ್ಣು ಕಲ್ಲಿನಂತೆ ಕಚ್ಚಿಕೊಂಡಿತ್ತು. ಮಗ್ಗುಲಲ್ಲಿ ಒಂದು ಕಡೆ ಕಪ್ಪಗೆ ಏನೋ ಅಂಟಿತ್ತು.

"ಇದು ತೊಗಲಿನ ಪಟ್ಟಿ ಇರಬಹುದೇನ್ರಿ? ಕೊಳವಿಗೆ ಬಿದಿರು ಕೋಲು ಇಟ್ಟು ತೊಗಲಿನಿಂದ ಬಿಗಿತಿದ್ರು ನಮ್ಮ ಕಡೆ. ಮೈಸೂರಿನ ಬಾಣ, ಸುಲ್ತಾನರ ಕಾಲದ ರಾಕೆಟ್ಟು! ಶ್ರೀರಂಗಪಟ್ಟಣ ಬಿದ್ದಮ್ಯಾಲ ಇಂಗ್ಲಿಷರು ಒಯ್ದಿದ್ರೊಳಗ ಒಂದು ಇಲ್ಲಿಗೆ ಬಂದಿರಬಹುದು. ಇರಬಹುದು ಅಂತೀನಿ ಮತ್ತ. ಮೂವತ್ತು ವರ್ಷ ಆತು, ಈ ಊರಾಗ ನಮ್ಮ ಕಡೆ ಕಬ್ಬಿಣ ಒಂದೂ ನನ್ನ ಕೈಗೆ ಬಂದಿರಲಿಲ್ಲ."

ರಜೆ ಬಂದಾಗಲೆಲ್ಲ ಶ್ರೀರಂಗಪಟ್ಟಣದ ಕೋಟೆಯ ಗೋಡೆ ಹತ್ತಿ ಆಡಿ ಬೆಳೆದವನು ನಾನು. ಅಂದು ಸಂಜೆ ನಮ್ಮ ಕನ್ನಡ ಸಂಘದ ಅಧ್ಯಕ್ಷರಿಗೆ ಫೋನ್ ಮಾಡಿ ಸುದ್ದಿ ಹೇಳಿದೆ. ಅವರು ರೈಲ್ವೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದ ಮೈಸೂರಿನವರು. ನಾನು ಸಂಘದ ಕಾರ್ಯದರ್ಶಿ. ಮೇಡಂ ಎರಡು ಸಲ ಒತ್ತಿ ಹೇಳಿದ್ದ "ಇರಬಹುದು" ಎಂಬ ಮಾತು ನನ್ನ ಬಾಯಿಂದ ಬರಲೇ ಇಲ್ಲ.

ಅಧ್ಯಕ್ಷರು ತಡಮಾಡುವ ಮನುಷ್ಯರಲ್ಲ. ನಾಲ್ಕನೆಯ ದಿನ ಒಂದು ಪತ್ರಿಕೆಯಲ್ಲಿ ಕೊಳವೆಯ ಚಿತ್ರದ ಸಮೇತ ಸುದ್ದಿ ಬಂತು. ರಾಜ್ಯೋತ್ಸವದ ಆಮಂತ್ರಣ ಪತ್ರಿಕೆಯಲ್ಲಿ "ಬಂಗಾಳದ ಮಣ್ಣಿನಲ್ಲಿ ಮೈಸೂರಿನ ಬಾಣ" ಎಂಬ ವಿಶೇಷ ಪ್ರದರ್ಶನ, ಅದನ್ನು ಗುರುತಿಸಿದ ವಿಜ್ಞಾನಿಗೆ ಸನ್ಮಾನ ಎಂದು ಅಚ್ಚಾಯಿತು. ಕೊಳವೆಯನ್ನು ಹೊರಗೆ ಕೊಡುವಂತಿರಲಿಲ್ಲವಾದ್ದರಿಂದ, ಬಡಗಿಯಿಂದ ಮರದಲ್ಲಿ ಅಂಥದ್ದೇ ಒಂದನ್ನು ಮಾಡಿಸಿ, ಬಣ್ಣ ಬಳಿಸಿ, ಉದ್ದನೆಯ ಬಿದಿರು ಕೋಲಿಗೆ ಕಟ್ಟಿಸಲಾಯಿತು. ಬಾಯ್‌ಲರ್‌ನಂತಹ ದನಿಯಲ್ಲಿ ಅಧ್ಯಕ್ಷರು ಮನೆಮನೆಗೂ ಫೋನ್ ಮಾಡಿ ಕರೆದರು.

ಪತ್ರಿಕೆಯ ತುಣುಕನ್ನು ಮೇಡಂ ನನ್ನ ಮುಂದೆ ಇಟ್ಟರು. ಬೈಯಲಿಲ್ಲ. "ಇನ್ನೂ ತುಕ್ಕು ತಗದಿಲ್ಲರಿ, ಲೈಬ್ರರಿಯವರ. ನಾಮಕರಣ ಮಾಡಿಬಿಟ್ರಿ" ಎಂದರು. ಆಮೇಲೆ ಒಂದು ಚೀಟಿ ಬರೆದುಕೊಟ್ಟರು. ಸೈನ್ಯದ ಹಳೆಯ ಯುದ್ಧಸಾಮಗ್ರಿಗಳ ಚಿತ್ರಗಳಿರುವ ಕೈಪಿಡಿಯೊಂದು ನಗರದ ಹಳೆಯ ಗ್ರಂಥಾಲಯದಲ್ಲಿ ಇರಬೇಕು, ತಂದುಕೊಡಬೇಕು ಎಂದು.

ನಾನು ಸೋಮವಾರ ಹೋಗಿ ತಂದೆ. ಬಸ್ಸಿನಲ್ಲಿ ಕೂತು ಪುಟ ತಿರುವಿದೆ. ಸಲೀಸಾಗಿಯೇ ಸಿಕ್ಕಿತು. ಅದೇ ಉದ್ದ, ಅದೇ ದಪ್ಪ, ಅದೇ ಮುಚ್ಚಿದ ಮೂತಿ. ಬುಡದ ಚಿತ್ರ ಬೇರೆಯಾಗಿ ಕೊಟ್ಟಿದ್ದರು. ಅದರಲ್ಲಿ ಮೂರು ತೂತು. ಇಂಗ್ಲೆಂಡಿನಲ್ಲಿ ತಯಾರಾದ ರಾಕೆಟ್, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ್ದು. ಅಂದರೆ ಶ್ರೀರಂಗಪಟ್ಟಣ ಬಿದ್ದು ಎರಡು ತಲೆಮಾರು ಕಳೆದ ಮೇಲಿನದು. ನಮ್ಮ ಕೊಳವೆಯ ಬುಡದಲ್ಲಿ ಇನ್ನೂ ಮಣ್ಣು ಕಚ್ಚಿಕೊಂಡಿತ್ತು. ತೂತು ಇವೆಯೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಆದರೆ ನನಗೆ ಗೊತ್ತಾಗಿಹೋಯಿತು. ಆಫೀಸಿಗೆ ಬಂದವನು ಪುಸ್ತಕವನ್ನು ನನ್ನ ಮೇಜಿನ ಕೆಳಗಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ.

ಮಂಗಳವಾರ ಕೇಳಿದರು: "ಪುಸ್ತಕ ಸಿಕ್ತೇನ್ರಿ?"

"ಹುಡುಕ್ತಿದಾರೆ ಮೇಡಂ."

ಗುರುವಾರ ಮತ್ತೆ ಕೇಳಿದರು. ಮತ್ತೆ ಅದೇ ಉತ್ತರ ಕೊಟ್ಟೆ. ಭಾನುವಾರ ರಾಜ್ಯೋತ್ಸವ. ಅಲ್ಲಿಯವರೆಗೆ ತಳ್ಳಿದರೆ ಸಾಕು ಎಂಬುದಷ್ಟೇ ನನ್ನ ತಲೆಯಲ್ಲಿದ್ದದ್ದು.

ಆದರೆ ಅವರು ನನ್ನ ಪುಸ್ತಕಕ್ಕಾಗಿ ಕಾಯುತ್ತ ಕೂತಿರಲಿಲ್ಲ. ಶುಕ್ರವಾರ ಮಧ್ಯಾಹ್ನ ಕರೆದು ಸ್ಟೂಲಿನ ಮೇಲೆ ಕೂರಿಸಿ, ಸೂಕ್ಷ್ಮದರ್ಶಕದ ಕಡೆ ಕೈ ತೋರಿಸಿದರು. "ಮೊದಲ ಇದನ್ನ ನೋಡ್ರಿ. ಗರಿಯಾಹಾಟ್ ಹತ್ರ ಒಬ್ಬ ಕುಲುಮೆಯವ ಕೊಟ್ಟ ಹಳೇ ಚಿಲಕದ ತುಣುಕು." ಒಳಗೆ ಬೂದು ಬಯಲಿನಲ್ಲಿ ಉದ್ದುದ್ದಕ್ಕೆ ಕಪ್ಪು ಎಳೆಗಳು ಹರಿದಿದ್ದವು. "ಅದು ಕಿಟ್ಟ, ಅದಿರಿನ ಕಸ. ಕುಲುಮಿಯೊಳಗ ಕಾಸಿ ಬಡಿದು ಮಾಡಿದ ಕಬ್ಬಿಣದೊಳಗ ಕಿಟ್ಟ ಉಳಿತದ, ಎಷ್ಟು ಬಡದ್ರೂ ಪೂರಾ ಹೋಗಂಗಿಲ್ಲ. ಈಗ ಇದನ್ನ ನೋಡ್ರಿ." ಕೊಳವೆಯ ಮುರಿದ ಅಂಚಿನಿಂದ ತೆಗೆದ ಅಕ್ಕಿಕಾಳಿನಷ್ಟು ಚೂರು ಅದು. ಅದರಲ್ಲಿ ಎಳೆಯೇ ಇಲ್ಲ. ಜೇನುಗೂಡಿನಂತೆ ಅಚ್ಚುಕಟ್ಟಾದ ಕಣಗಳು.

"ಇದು ಕಾರಖಾನಿ ಉಕ್ಕು. ಸುಲ್ತಾನರ ಕಾಲಕ್ಕ ಜಗತ್ತಿನೊಳಗ ಎಲ್ಲಿಯೂ ಇಂಥ ಉಕ್ಕಿನ ತಗಡು ಇರಲಿಲ್ಲ." ಆಮೇಲೆ ಕೊಳವೆಯನ್ನೇ ಎತ್ತಿ ನನ್ನ ಕಡೆ ಬುಡ ತಿರುಗಿಸಿದರು. ಮಣ್ಣು ತೆಗೆದಿದ್ದರು. ಮೂರು ತೂತು ಮೂರು ಕಣ್ಣಿನಂತೆ ನನ್ನನ್ನೇ ನೋಡುತ್ತಿದ್ದವು. "ಬೆಂಕಿ ಇದರಾಗಿಂದ ಓರೆಯಾಗಿ ಹೊರಗ ಬರ್ತದ. ಕೊಳವಿ ಬುಗರಿ ಹಂಗ ತಿರುಗಿಕೋತ ಹೋಗ್ತದ. ತಿರುಗೋದಕ್ಕ ದಿಕ್ಕು ತಪ್ಪಂಗಿಲ್ಲ, ಕೋಲು ಬೇಕಾಗಂಗಿಲ್ಲ. ನಮ್ಮ ಬಾಣಕ್ಕ ಕೋಲ ಜೀವ. ತೊಗಲು ಅಂತ ನಾ ತಿಳಕೊಂಡಿದ್ದು ಡಾಂಬರು ಬಳದ ಗೋಣಿ, ಇಲ್ಲಿಯ ಸೆಣಬಿಂದು. ಹಂಗಾಗಿ ಇದು ನಮ್ಮದಲ್ಲರಿ."

"ಸೋಮವಾರ ಹೇಳಿದ್ರೆ ಆಗಲ್ವೇ ಮೇಡಂ?" ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು. "ಭಾನುವಾರ ಎಷ್ಟೊಂದು ಜನ ಬರ್ತಾರೆ. ಮಕ್ಕಳು ನಾಟಕ ಬೇರೆ ಕಲಿತಿದಾರೆ. ಒಂದು ದಿನ ಸುಮ್ಮನಿದ್ರೆ ಯಾರಿಗೇನು ನಷ್ಟ?"

"ಅವತ್ತ ನಾ ಏನ ಮಾಡ್ಲಿ?"

"ಏನೂ ಮಾತಾಡಬೇಡಿ. ಶಾಲು ಹೊದಿಸಿಕೊಂಡು ಕೂತಿರಿ, ಸಾಕು."

ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. "ಬಾಯಿ ಮುಚ್ಚಿಕೊಂಡು ಶಾಲು ಹೊದ್ದುಕೊಂಡ್ರೂ ಅದು ಹೇಳಿಧಂಗ ಆತಲ್ಲರಿ. ಆಗಲಿ, ಉಕ್ಕು ಯಾವಾಗಿನಿಂದ ಈಚೆ ಅನ್ನೂದು ಹೇಳ್ತದ, ಆದರ ಖಚಿತ ಯಾವ ಕಾಲ ಅನ್ನಲಿಕ್ಕೆ ಚಿತ್ರ ಬೇಕು. ನಾಳೆ ನಾನ ಆ ಲೈಬ್ರರಿಗೆ ಹೋಗಿ ಕೇಳ್ತೀನಿ."

ಹೋದರೆ, ಪುಸ್ತಕ ಸೋಮವಾರವೇ ಹೊರಗೆ ಹೋಗಿದೆ ಎಂದು ಅಲ್ಲಿಯ ಗುಮಾಸ್ತ ಹೇಳುತ್ತಾನೆ. ಶನಿವಾರ ಬೆಳಿಗ್ಗೆ ಅವರು ಬರುವ ಮೊದಲೇ ಅವರ ಕೋಣೆಯ ಬಾಗಿಲಲ್ಲಿ ಪುಸ್ತಕ ಹಿಡಿದು ನಿಂತಿದ್ದೆ. ಪಶ್ಚಾತ್ತಾಪದಿಂದ ಎಂದು ಬರೆಯಲು ಮನಸ್ಸಾಗುತ್ತದೆ. ನಿಜವಾಗಿ ಹೆದರಿಕೆಯಿಂದ. "ಇದೀಗ ಸಿಕ್ತು ಮೇಡಂ" ಎಂದೆ. "ಛಲೋ ಆತು" ಎಂದು ಇಸಿದುಕೊಂಡು ಒಳಗೆ ಹೋದರು.

ಭಾನುವಾರ ಸಭಾಂಗಣ ತುಂಬಿತ್ತು. ಬ್ಯಾಂಕಿನವರು, ರೈಲ್ವೆಯವರು, ವಿಶ್ವವಿದ್ಯಾಲಯದ ಹುಡುಗ ಹುಡುಗಿಯರು, ಸೆಕ್ಟರ್ ಫೈವ್‌ಗೆ ಹೊಸದಾಗಿ ಬಂದ ಗಂಡ ಹೆಂಡಿರು. ವೇದಿಕೆಯ ಮೇಲೆ ಬಿದಿರು ಕೋಲಿನ ಬಾಣ, ಹಿಂದೆ ಕೊಳವೆಯ ದೊಡ್ಡ ಚಿತ್ರ. ಕಾರ್ಯಕ್ರಮಕ್ಕೆ ಮುಂಚೆಯೇ ಮೇಡಂ ಅಧ್ಯಕ್ಷರನ್ನು ಪಕ್ಕಕ್ಕೆ ಕರೆದು ವಿಷಯ ಹೇಳಿದ್ದರು. "ಇವತ್ತೊಂದು ದಿನ ಬಿಟ್ಬಿಡೀಮ್ಮಾ, ದಮ್ಮಯ್ಯ" ಎಂದು ಅವರು ಕೈಮುಗಿದದ್ದನ್ನು ನಾನು ದೂರದಿಂದ ಕಂಡೆ.

ಶಾಲು ಹೊದಿಸಲು ಬಂದಾಗ ಮೇಡಂ ಮುಖ್ಯ ಅತಿಥಿಯ ಕೈಯನ್ನು ಮೆಲ್ಲಗೆ ತಡೆದು ಮೈಕಿನ ಮುಂದೆ ಬಂದರು.

"ಇದನ್ನ ನೋಡಿದ ಮೊದಲನೇ ದಿನ ನಾನು, ಇದು ಮೈಸೂರಿನ ಬಾಣ ಇರಬಹುದು ಅಂದೆ. ಬಾಯಿಂದ ಇರಬಹುದು ಅಂದೆ, ಮನಸ್ಸಿನೊಳಗ ಹೌದು ಅಂದುಬಿಟ್ಟಿದ್ದೆ. ತಪ್ಪು ಅಲ್ಲೇ ಆತು, ಅದು ನಂದು. ಮತ್ತ ಯಾರ ಮ್ಯಾಲೂ ಹಾಕಬ್ಯಾಡ್ರಿ. ಇದು ನಮ್ಮ ಬಾಣ ಅಲ್ಲ." ಸಭೆ ಗುಜುಗುಜು ಎಂದಿತು. ಅವರು ಕಿಟ್ಟದ ಎಳೆ, ಉಕ್ಕಿನ ಕಣ, ಮೂರು ತೂತು, ಗೋಣಿಯ ನಾರು ಎಲ್ಲವನ್ನೂ ಹತ್ತು ನಿಮಿಷದಲ್ಲಿ ಮಕ್ಕಳಿಗೂ ತಿಳಿಯುವ ಹಾಗೆ ಹೇಳಿದರು. ಕೊನೆಗೆ, "ಕಾಲ ಖಚಿತ ಮಾಡಿದ ಪುಸ್ತಕ ತಂದುಕೊಟ್ಟವರು ನಮ್ಮ ಲೈಬ್ರರಿಯವರು, ನಿಮ್ಮ ಕಾರ್ಯದರ್ಶಿ" ಎಂದು ನನ್ನ ಕಡೆ ಕೈ ತೋರಿಸಿದರು. ಇನ್ನೂರು ಮುಖಗಳು ನನ್ನ ಕಡೆ ತಿರುಗಿದವು. ನಾನು ಚಪ್ಪಲಿ ನೋಡುತ್ತ ನಿಂತೆ.

ಅಧ್ಯಕ್ಷರು ಎದ್ದುನಿಂತರು. "ಆದ್ರೂ ಇಂಗ್ಲಿಷರು ಇದನ್ನ ನಮ್ಮಿಂದಲೇ ಕಲಿತದ್ದು ತಾನೇ? ಹಾಗಂದ್ಮೇಲೆ ಇದಕ್ಕೂ ಮೂಲ ನಾವೇ ಅಂತಾಯ್ತಲ್ಲ?"

"ಇರಬಹುದ್ರಿ. ಅದನ್ನ ಇತಿಹಾಸ ಓದಿದವರು ಹೇಳ್ಲಿ, ನಾನೂ ಬಂದು ಕೂತು ಕೇಳ್ತೀನಿ. ಈ ಕೊಳವಿ ಅದನ್ನ ಹೇಳಂಗಿಲ್ಲ."

ಅತಿಥಿಯ ಕೈಯಲ್ಲಿದ್ದ ಶಾಲನ್ನು ಮೇಡಂ ತಾವೇ ಮಡಿಸಿ ಮೇಜಿನ ಮೇಲಿಟ್ಟು ಕೆಳಗಿಳಿದರು. ಮುಂದಿನ ಸಾಲಿನಲ್ಲಿದ್ದ ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದೆ ಎಲ್ಲೋ ಒಂದಿಷ್ಟು ಎಳೆಯ ಕೈಗಳು ತಟ್ಟಿದವು. ಊಟಕ್ಕೆ ಅವರು ತಾಟು ಹಿಡಿದು ಸಾಲಿನಲ್ಲಿ ನಿಂತಾಗ, ಅವರ ಹಿಂದೆಯೂ ಮುಂದೆಯೂ ಜಾಗ ಖಾಲಿ ಇತ್ತು. ಬಿಸಿಬೇಳೆಬಾತನ್ನು ಎರಡು ಸಲ ಹಾಕಿಸಿಕೊಂಡರು.

ಅವರ ವರದಿ ಎಂಟು ಪುಟದ್ದು. ಪತ್ರಿಕೆಗೆ ತಾವೇ ತಿದ್ದುಪಡಿ ಬರೆದು ಕಳಿಸಿದರು. ಒಳಪುಟದಲ್ಲಿ ನಾಲ್ಕು ಸಾಲು ಬಂತು. ಎರಡೂ ತುಣುಕುಗಳನ್ನು ಫೈಲಿನಲ್ಲಿ ಅಕ್ಕಪಕ್ಕ ಅಂಟಿಸಿಟ್ಟರು. ಸೈನ್ಯದಿಂದ ನಿವೃತ್ತರಾದ ಒಬ್ಬ ಫಿರಂಗಿ ತಜ್ಞರು ವರದಿಯ ಪ್ರತಿ ಕೇಳಿ ಬರೆದ ಪತ್ರ ಬಂತು. ಬುಡ ಸಮೇತ ಉಳಿದ ಇಂಥ ರಾಕೆಟನ್ನು ತಾವು ಈ ದೇಶದಲ್ಲಿ ಕಂಡಿಲ್ಲ, ದಯವಿಟ್ಟು ಅದನ್ನು ಒಳ್ಳೆಯ ಕೈಗೆ ಒಪ್ಪಿಸಿ ಎಂದು ಬರೆದಿದ್ದರು. ಕೊಳವೆ ಒಂದು ವಸ್ತುಸಂಗ್ರಹಾಲಯದ ಆಯುಧಗಳ ವಿಭಾಗಕ್ಕೆ ಹೋಯಿತು. ಅಧ್ಯಕ್ಷರು ಮಾತ್ರ ಬದುಕಿರುವವರೆಗೂ ಅವರ ಜೊತೆ ಮಾತಾಡಲಿಲ್ಲ, ಆಮಂತ್ರಣವನ್ನೂ ಕಳಿಸಲಿಲ್ಲ. ಕಳಿಸದಿದ್ದರೂ ಮೇಡಂ ಪ್ರತಿ ವರ್ಷ ಬಂದು ಮೂರನೆಯ ಸಾಲಿನಲ್ಲಿ ಕೂರುತ್ತಿದ್ದರು.

ನನಗೆ ಮಾತ್ರ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಅವರು ನಿವೃತ್ತರಾದರು. ಬೀಳ್ಕೊಡುಗೆಯ ಮರುದಿನ ದಕ್ಷಿಣೇಶ್ವರಕ್ಕೆ ಹೋಗೋಣ ಬನ್ನಿ ಎಂದು ನಾನೇ ಕರೆದೆ. ಗುಡಿಗೆ ಕೈಮುಗಿದು ಬಂದು ಘಾಟಿನಲ್ಲಿ ನದಿ ದಾಟಿಸುವ ಲಾಂಚಿಗೆ ಕಾಯುತ್ತ ಕೂತೆವು. ಅವರು ಸೇತುವೆಯ ರಿವೆಟ್‌ಗಳನ್ನು ನೋಡುತ್ತ ನೆಲಗಡಲೆ ಬಿಡಿಸುತ್ತಿದ್ದರು.

"ಮೇಡಂ, ಆ ಪುಸ್ತಕ ನನಗೆ ಶನಿವಾರ ಸಿಕ್ಕಿದ್ದಲ್ಲ. ಸೋಮವಾರವೇ ತಂದಿದ್ದೆ. ಡ್ರಾಯರಿನಲ್ಲಿಟ್ಟು ಬೀಗ ಹಾಕಿದ್ದೆ" ಎಂದೆ. ಒಂದೇ ಉಸಿರಿಗೆ ಹೇಳಿಬಿಟ್ಟೆ.

ಅವರು ಕೈಯಲ್ಲಿದ್ದ ಸಿಪ್ಪೆಯನ್ನು ಉಫ್ ಎಂದು ಊದಿದರು.

"ಗೊತ್ತದರಿ."

"ಗೊತ್ತಿತ್ತಾ? ಯಾವಾಗಿಂದ?"

"ನೀವು ಕೊಟ್ಟ ಕೂಡಲೇ. ಹಿಂದಿನ ಪುಟಕ್ಕ ಚೀಟಿ ಅಂಟಿಸಿರ್ತಾರಲ್ಲ, ಅದರ ಮ್ಯಾಲ ಸೋಮವಾರದ ತಾರೀಖು ಒತ್ತಿದ್ರು. ಲೈಬ್ರರಿಯವರಾಗಿ ನೀವ ಅದನ್ನ ಮರತ್ರಿ!" ಅವರು ನಕ್ಕರು. ಹುಡುಗಿಯ ಹಾಗೆ ಭುಜ ಕುಣಿಸಿ ನಕ್ಕರು.

"ಮತ್ತೆ ವೇದಿಕೆ ಮೇಲೆ ನನ್ನ ಹೆಸರು ಯಾಕೆ ಹೇಳಿದಿರಿ?"

"ಪುಸ್ತಕ ತಂದವರು ನೀವ ಅಲ್ಲೇನ್ರಿ? ಅಷ್ಟು ಖರೇ ಇತ್ತು, ಅಷ್ಟು ಹೇಳಿದೆ. ಉಳಿದದ್ದು ನೀವ ಬಂದು ಹೇಳ್ತೀರಿ ಅಂತ ಗೊತ್ತಿತ್ತು. ಒಂದು ವಾರ ಹಿಡಿತದ ಅಂದುಕೊಂಡಿದ್ದೆ. ಆರು ತಿಂಗಳು ತಗೊಂಡ್ರಿ. ನಿಮ್ಮ ವಿಷಯದಾಗ ನನ್ನ ಲೆಕ್ಕ ತಪ್ಪೇತಿ ನೋಡ್ರಿ."

ಲಾಂಚು ಸೀಟಿ ಊದುತ್ತ ಘಾಟಿಗೆ ತಾಗಿತು. ಜನ ನುಗ್ಗಿದರು. ಅವರು ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಎದ್ದುನಿಂತು, ಇನ್ನೊಂದು ಕೈಯಲ್ಲಿದ್ದ ಕಡಲೆಯ ಪೊಟ್ಟಣವನ್ನು ನನಗೆ ಕೊಟ್ಟು, "ಏಳ್ರಿ, ಜಾಗಾ ಹಿಡೀರಿ, ಕಿಟಕಿ ಕಡೆದು" ಎಂದರು. ನಾನು ಓಡಿದೆ.